ಅಡಿಕೆ ತೋಟ, ಶಾಲೆ ರಜೆ, ಸ್ಟಾಕ್‌ಹೋಮಿನ ಮೇ ತಿಂಗಳು: ಒಂದು ಕುಟುಂಬ ಭೇಟಿಯ ಪ್ರಕರಣ ಅಧ್ಯಯನ

ಹಿನ್ನೆಲೆ

ಇದು 2024ರ ಏಪ್ರಿಲ್–ಮೇ ತಿಂಗಳಲ್ಲಿ ನಡೆದ ಭೇಟಿಯ ವಿವರ. ಕುಟುಂಬದ ಗುರುತು ಸಿಗಬಾರದೆಂದು ಊರು, ಉದ್ಯೋಗ, ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದೆ. ತೀರ್ಮಾನಗಳನ್ನೂ ಅವುಗಳ ಕಾರಣಗಳನ್ನೂ ಮುಟ್ಟಿಲ್ಲ.

ಮಗ, ಸೊಸೆ ಇಬ್ಬರಿಗೂ ಸ್ಟಾಕ್‌ಹೋಮಿನಲ್ಲಿ ಸಾಫ್ಟ್‌ವೇರ್ ಕೆಲಸ. ನಗರದ ವಾಯವ್ಯಕ್ಕೆ, ಮೆಟ್ರೋದ ನೀಲಿ ಮಾರ್ಗದ ಒಂದು ಉಪನಗರದಲ್ಲಿ ಬಾಡಿಗೆ ಮನೆ. ಮೂರು ವರ್ಷದ ಮಗು. ಮಗನ ತಂದೆ ತಾಯಿ ಉತ್ತರ ಕನ್ನಡದ ಘಟ್ಟದ ಮೇಲಿನ ಅಡಿಕೆ ಬೆಳೆಗಾರರು. ತಂದೆಗೆ 71, ಗಟ್ಟಿ ಆಳು. ತಾಯಿಗೆ 66, ಸಕ್ಕರೆ ಕಾಯಿಲೆ, ಬಲ ಮಂಡಿ ಸವೆದಿದೆ. ಮಗಳ ಸಂಸಾರ ಮೈಸೂರಿನಲ್ಲಿ: ಮಗಳು, ಅಳಿಯ, 11 ಮತ್ತು 5 ವರ್ಷದ ಇಬ್ಬರು ಮಕ್ಕಳು. ಒಟ್ಟು ಒಂಬತ್ತು ಜನ ಒಂದೇ ಊರಿನಲ್ಲಿ ಕೆಲವು ದಿನ ಜೊತೆಗಿರಬೇಕು ಎಂಬುದು ಎಲ್ಲರ ಆಸೆ.

ಮಗ ಮೊದಲು ಕಳಿಸಿದ ಯೋಜನೆ ಕೇಳಲು ಚೆನ್ನಾಗಿತ್ತು. ಜೂನ್ ಮೂರನೇ ವಾರ ಎಲ್ಲರೂ ಬರುವುದು, ಮಿಡ್‌ಸೊಮ್ಮಾರ್ ಎಂಬ ನಡುಬೇಸಿಗೆಯ ಹಬ್ಬ ನೋಡುವುದು, ನಾಲ್ಕು ರಾತ್ರಿ ಸ್ಟಾಕ್‌ಹೋಮಿನಲ್ಲಿ ಉಳಿದು ಐದು ರಾತ್ರಿ ನಾರ್ವೆಗೆ ಹೋಗಿಬರುವುದು, ಮಗಳ ಸಂಸಾರ ವಾಪಸಾದ ಮೇಲೆ ತಂದೆ ತಾಯಿ ಆಗಸ್ಟ್‌ವರೆಗೆ ಉಳಿಯುವುದು. ಈ ಯೋಜನೆ ಒಂದೇ ವಾರದಲ್ಲಿ ಮುರಿಯಿತು.

ದಿನಾಂಕವೇ ಮೊದಲ ಸಮಸ್ಯೆ

ಜೂನ್ ಎಂದರೆ ಸ್ವೀಡನ್ನಿನಲ್ಲಿ ಬೇಸಿಗೆಯ ಸುಗ್ಗಿ. ಕರ್ನಾಟಕದಲ್ಲಿ ಅದೇ ಹೊತ್ತಿಗೆ ಶಾಲೆ ಶುರುವಾಗಿರುತ್ತದೆ. ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ಐದನೇ ತರಗತಿಯ ಹುಡುಗಿಯನ್ನು ಜೂನಿನಲ್ಲಿ ಹತ್ತು ದಿನ ಶಾಲೆ ಬಿಡಿಸಲು ಮಗಳು ಒಪ್ಪಲಿಲ್ಲ.

ತಂದೆಯ ಅಡಚಣೆ ಇನ್ನೂ ದೊಡ್ಡದು. ಮಳೆಗಾಲ ಹಿಡಿಯುವ ಮುನ್ನ ಅಡಿಕೆಗೆ ಕೊಳೆ ಮದ್ದು (ಕಾಯಿ ಉದುರಿಸುವ ಕೊಳೆರೋಗ ತಡೆಯುವ ಔಷಧ) ಹೊಡೆಯಲೇಬೇಕು. ಶೇ. 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೊದಲ ಮದ್ದು ಮೇ ಕೊನೆ ಅಥವಾ ಜೂನ್ ಆರಂಭಕ್ಕೆ, ಎರಡನೆಯದು ಅದಾಗಿ 40–45 ದಿನಕ್ಕೆ. ಮರ ಹತ್ತುವ ಕೊನೆಗೌಡರು ಸಿಗುವುದೇ ಕಷ್ಟ. ಸಿಕ್ಕ ದಿನ ಯಜಮಾನ ತೋಟದಲ್ಲಿ ಇರಬೇಕು. ಮದ್ದು ತಪ್ಪಿ ಮಳೆ ಹಿಡಿದರೆ ಒಂದು ವರ್ಷದ ಬೆಳೆ ನೆಲಕ್ಕೆ. ಫೋನಿನಲ್ಲಿ ತಂದೆ ಹೇಳಿದ್ದು ಇಷ್ಟೇ: "ಮದ್ದು ಹೊಡೆಸದೆ ನಾನು ಎಲ್ಲಿಗೂ ಬರೋದಿಲ್ಲ ಮಾರಾಯ, ಅದಕ್ಕೆ ಮುಂಚೆ ಆದರೆ ನೋಡು."

ಮೂರನೆಯದು ಸ್ವೀಡನ್ನಿನ ಕ್ಯಾಲೆಂಡರ್. ಮಿಡ್‌ಸೊಮ್ಮಾರ್‌ನ ಮುನ್ನಾದಿನ ಯಾವಾಗಲೂ ಜೂನ್ 19ರಿಂದ 25ರ ನಡುವಿನ ಶುಕ್ರವಾರ. ಆ ವರ್ಷ ಜೂನ್ 21. ಆ ದಿನ ಊರು ಖಾಲಿ. ಅಂಗಡಿ, ಹೋಟೆಲ್, ಮ್ಯೂಸಿಯಂಗಳಲ್ಲಿ ಬಹಳಷ್ಟು ಮುಚ್ಚಿರುತ್ತವೆ, ಜನ ಹಳ್ಳಿಮನೆಗಳಿಗೆ ಹೊರಟುಬಿಡುತ್ತಾರೆ. ಹಬ್ಬ ನೋಡಲೆಂದೇ ಬರುವವರಿಗೆ ಸ್ಕಾನ್ಸೆನ್ ಬಯಲು ಮ್ಯೂಸಿಯಂನಲ್ಲಿ ಸಾರ್ವಜನಿಕ ಆಚರಣೆ ಇದೆ, ಅದು ಸರಿ. ನಗರ ನೋಡಲು ಬರುವ ಕುಟುಂಬ ಮಾತ್ರ ಹಿಂದಿನ ದಿನ ಬಂದಿಳಿದರೆ ಮೊದಲ ಮೂರು ದಿನ ಬಾಗಿಲು ನೋಡಿಕೊಂಡು ಇರಬೇಕಾಗುತ್ತದೆ.

ಮೂರೂ ಕ್ಯಾಲೆಂಡರ್‌ಗಳನ್ನು ಒಂದೇ ಹಾಳೆಯಲ್ಲಿ ಬರೆದಾಗ ಉಳಿದ ಕಿಂಡಿ ಒಂದೇ: ಏಪ್ರಿಲ್ ಕೊನೆಯಿಂದ ಮೇ ಕೊನೆ. ಅದರೊಳಗೆ ಒಂದು ಅನುಕೂಲವೂ ಕಂಡಿತು. ಮೇ 9 ಗುರುವಾರ ಕ್ರಿಸ್ತನ ಸ್ವರ್ಗಾರೋಹಣದ ರಜೆ. ಮರುದಿನದ ಶುಕ್ರವಾರಕ್ಕೆ ಒಂದು ರಜೆ ಹಾಕಿದರೆ ಸತತ ನಾಲ್ಕು ದಿನ ಬಿಡುವು. ಸ್ವೀಡನ್ನಿನಲ್ಲಿ ಬಹಳ ಜನ ಹಾಗೇ ಮಾಡುತ್ತಾರೆ. ಕಾನೂನಿನ ಪ್ರಕಾರ ನೌಕರರಿಗೆ ವರ್ಷಕ್ಕೆ ಕನಿಷ್ಠ 25 ದಿನ ರಜೆ ಉಂಟು. ಅದರಲ್ಲಿ ನಾಲ್ಕು ವಾರ ಜೂನ್–ಆಗಸ್ಟ್‌ನಲ್ಲಿ ಒಟ್ಟಿಗೆ ಪಡೆಯುವುದು ರೂಢಿ, ಹಕ್ಕು ಕೂಡ. ಆದ್ದರಿಂದ ಮೇ ತಿಂಗಳಿಗೆ ಉಳಿಯುವ ದಿನಗಳು ಕಡಿಮೆ, ಅವನ್ನು ಎಣಿಸಿಯೇ ಖರ್ಚು ಮಾಡಬೇಕು. ಮಗ ಮೇ 10, 13, 14, 15ಕ್ಕೆ ರಜೆ ಬರೆದ. ಸೊಸೆ 16, 17ಕ್ಕೆ. ಯಾರಾದರೊಬ್ಬರು ಪ್ರತಿದಿನ ಜೊತೆಗಿರುವಂತೆ ಆಯಿತು.

ಕೊನೆಗೆ ನಿಂತ ದಿನಾಂಕಗಳು: ತಂದೆ ತಾಯಿ ಏಪ್ರಿಲ್ 20ರಿಂದ ಮೇ 30, ಒಟ್ಟು 41 ದಿನ. ಮಗಳ ಸಂಸಾರ ಮೇ 8ರ ಬುಧವಾರದಿಂದ 17ರ ಶುಕ್ರವಾರ, ಒಂಬತ್ತು ರಾತ್ರಿ.

17ಕ್ಕೇ ಹೊರಡಲು ಒಂದು ಕಾರಣವಿತ್ತು. ಮೊದಲು 19ರವರೆಗೆ ಉಳಿಯುವ ಲೆಕ್ಕ. ವಸತಿ ಹುಡುಕುವಾಗ ಆ ವಾರಾಂತ್ಯದ ಬೆಲೆ ಮಾತ್ರ ಹುಚ್ಚಾಪಟ್ಟೆ ಏರಿರುವುದು ಕಂಡಿತು. ನೋಡಿದರೆ ಮೇ 17, 18, 19ರಂದು ಸೋಲ್ನಾದ ಫ್ರೆಂಡ್ಸ್ ಅರೇನಾದಲ್ಲಿ ಪಾಪ್ ಗಾಯಕಿ ಟೇಲರ್ ಸ್ವಿಫ್ಟ್ ಸಂಗೀತ ಕಚೇರಿ. ನಗರದ ಹೋಟೆಲುಗಳು ಯುರೋಪಿನಾದ್ಯಂತ ಬರುವ ಅಭಿಮಾನಿಗಳಿಗೆ ಮುಂಗಡ ಆಗಿದ್ದವು. ದಿನಾಂಕ ಗಟ್ಟಿ ಮಾಡುವ ಮುನ್ನ ಆ ಊರಿನ ದೊಡ್ಡ ಕ್ರೀಡಾಂಗಣಗಳ ಕಾರ್ಯಕ್ರಮ ಪಟ್ಟಿ ನೋಡುವುದು ಐದು ನಿಮಿಷದ ಕೆಲಸ. ಎರಡು ರಾತ್ರಿಯ ಬೆಲೆ ಬೇರೆ ರಾತ್ರಿಗಳಿಗಿಂತ ದುಪ್ಪಟ್ಟು ಕಂಡರೆ ಕಾರಣ ಇದ್ದೇ ಇರುತ್ತದೆ, ಹುಡುಕಬೇಕು.

ವೀಸಾ: ಎರಡು ಅರ್ಜಿ, ಎರಡು ಬಗೆಯ ತೊಡಕು

ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾಕ್ಕೆ ಹೊರಡುವ ದಿನಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು; ಕನಿಷ್ಠ 15 ದಿನ ಮುಂಚೆ ಹಾಕಲೇಬೇಕು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆ ಬೇಕಾದರೆ 45 ದಿನದವರೆಗೆ. ಬೆಂಗಳೂರಿನ ವಿಎಫ್‌ಎಸ್ ಕೇಂದ್ರ ಕಾಗದ, ಬೆರಳಚ್ಚು ತೆಗೆದುಕೊಳ್ಳುತ್ತದೆ ಅಷ್ಟೆ, ತೀರ್ಮಾನ ಅಲ್ಲಿ ಆಗುವುದಿಲ್ಲ. ಅಲ್ಲಿನ ಕೌಂಟರಿನಲ್ಲಿ ಕುಳಿತವರಿಗೆ ಮನವರಿಕೆ ಮಾಡಿಕೊಡಲು ಹೋಗುವುದು ವ್ಯರ್ಥ. ಹೇಳಬೇಕಾದ್ದೆಲ್ಲ ಕಾಗದದಲ್ಲಿ ಇರಬೇಕು.

ತಂದೆ ತಾಯಿಯ ಅರ್ಜಿಯಲ್ಲಿ ಸ್ವೀಡನ್ ಕಡೆಯ ಕಾಗದಗಳು ಸುಲಭವಾಗಿ ಆದವು. ವಲಸೆ ಇಲಾಖೆಯ ಆಹ್ವಾನ ನಮೂನೆ, ತೆರಿಗೆ ಇಲಾಖೆ ಕೊಡುವ ಪೆರ್ಶೋನ್‌ಬೆವೀಸ್ ಎಂಬ ನಿವಾಸ ದಾಖಲೆ, ಮಗನ ವಾಸದ ಪರವಾನಗಿ, ಸಂಬಳ ಚೀಟಿ. ಕಷ್ಟ ಇದ್ದದ್ದು ಊರಿನ ಕಡೆ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ತಂದೆ ರಿಟರ್ನ್ ಸಲ್ಲಿಸಿದವರೇ ಅಲ್ಲ. ಅವರ ಬ್ಯಾಂಕ್ ಖಾತೆಯಲ್ಲಿ ವರ್ಷದ ಎಂಟು ತಿಂಗಳು ಹೆಚ್ಚು ಓಡಾಟ ಇರುವುದಿಲ್ಲ. ಅಡಿಕೆ ಮಾರಿದ ಜನವರಿಯಲ್ಲಿ ಒಮ್ಮೆಲೇ ಕೆಲವು ಲಕ್ಷ ಜಮಾ. ದೆಹಲಿಯ ರಾಯಭಾರ ಕಚೇರಿಯ ಮೇಜಿನ ಮೇಲೆ ಇಂಥ ಖಾತೆ ಹೇಗೆ ಕಾಣುತ್ತದೆ ಎಂದು ಯೋಚಿಸಬೇಕು. ವೀಸಾ ಕೇಳುವ ಮುನ್ನ ಯಾರಿಂದಲೋ ಹಣ ತಂದು ತುಂಬಿಸಿದ ಹಾಗೆ ಕಾಣುತ್ತದೆ. ಅದರ ಮೇಲೆ ಮಗ ಇನ್ನೂ ಐದು ಲಕ್ಷ ಕಳಿಸಿ "ಬ್ಯಾಲೆನ್ಸ್ ಗಟ್ಟಿ ಮಾಡುವ" ಆಲೋಚನೆಯಲ್ಲಿದ್ದ. ಅದನ್ನು ಕೈಬಿಟ್ಟದ್ದು ಈ ಪ್ರಕರಣದ ಒಂದು ಮುಖ್ಯ ತಿರುವು. ಹಣ ಸೇರಿಸುವ ಬದಲು ಇದ್ದ ಹಣದ ಮೂಲ ತೋರಿಸಿದರು:

– ಪಹಣಿ, ಅದರ ಇಂಗ್ಲಿಷ್ ಅನುವಾದ, ನೋಟರಿ ಸಹಿ ಸಮೇತ
– ಮಾರಾಟ ಸಹಕಾರಿ ಸಂಘದ ಮೂರು ವರ್ಷದ ಅಡಿಕೆ ವಿಕ್ರಿ ಚೀಟಿಗಳು. ಪ್ರತಿ ಚೀಟಿಯ ಮೊತ್ತ ಖಾತೆಯ ಯಾವ ಜಮಾಕ್ಕೆ ಹೊಂದುತ್ತದೆಂದು ಪೆನ್ಸಿಲಿನಲ್ಲಿ ಗುರುತು
– ಒಂದು ಪುಟದ ಪತ್ರ: ಆದಾಯ ವರ್ಷಕ್ಕೆ ಒಮ್ಮೆ ಏಕೆ ಬರುತ್ತದೆ, ಜೂನ್ ಮೊದಲ ವಾರ ತೋಟಕ್ಕೆ ಏಕೆ ಮರಳಲೇಬೇಕು
– ಪ್ರಯಾಣದ ಖರ್ಚು ತಾನು ಕೊಡುವೆನೆಂದು ಮಗನ ಹೇಳಿಕೆ, ಅವನ ಸಂಬಳದ ದಾಖಲೆಯೊಂದಿಗೆ

ಮೂರನೆಯ ಕಾಗದವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ವೀಸಾ ಅಧಿಕಾರಿಯ ಮನಸ್ಸಿನಲ್ಲಿರುವ ದೊಡ್ಡ ಪ್ರಶ್ನೆ ಇವರು ವಾಪಸು ಹೋಗುತ್ತಾರೋ ಇಲ್ಲವೋ ಎಂಬುದು. ಅಡಿಕೆ ಬೆಳೆಗಾರನಿಗೆ ಕೊಳೆ ಮದ್ದಿಗಿಂತ ಗಟ್ಟಿ ಉತ್ತರ ಬೇರೆ ಇಲ್ಲ. ಭೇಟಿಯ ದಿನಾಂಕವನ್ನೇ ಹಿಂದಕ್ಕೆ ಎಳೆದ ತೋಟ ವೀಸಾ ಅರ್ಜಿಯಲ್ಲಿ ಅವರ ಪರ ನಿಂತಿತು.

ಇನ್ನೊಂದು ಸಣ್ಣ ತೊಡಕು: ಮಗನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚು, ತಂದೆಯ ಪಾಸ್‌ಪೋರ್ಟಿನಲ್ಲಿ ಕಡಿಮೆ. ನಮ್ಮ ಹೆಸರುಗಳಲ್ಲಿ ಇದು ಮನೆಮನೆಯ ಕಥೆ. ಎರಡೂ ಒಬ್ಬರದೇ ಎಂದು ಛಾಪಾ ಕಾಗದದ ಮೇಲೆ ಪ್ರಮಾಣಪತ್ರ ಮಾಡಿಸಿ ಮಗನ ಜನನ ಪ್ರಮಾಣಪತ್ರದ ಜೊತೆ ಲಗತ್ತಿಸಿದರು. ಫೆಬ್ರವರಿ ಮೊದಲ ವಾರ ಕೊಟ್ಟ ಅರ್ಜಿಗೆ ಮೂರು ವಾರದೊಳಗೆ ವೀಸಾ ಬಂತು.

ಮಗಳ ಸಂಸಾರದ ತೊಡಕು ಬೇರೆ ಬಗೆಯದು. ನಾಲ್ಕು ರಾತ್ರಿ ಸ್ವೀಡನ್, ಐದು ರಾತ್ರಿ ನಾರ್ವೆ ಎಂಬ ಮೂಲ ಯೋಜನೆಯಲ್ಲಿ ಅರ್ಜಿ ಹಾಕಬೇಕಾದ್ದು ನಾರ್ವೆಗೆ. ಯಾವ ದೇಶದಲ್ಲಿ ಹೆಚ್ಚು ದಿನವೋ ಅದಕ್ಕೆ. ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಆಹ್ವಾನ ಸ್ವೀಡನ್ನಿನಿಂದ, ಅರ್ಜಿ ನಾರ್ವೆಗೆ, ವಿಮಾನ ಸ್ಟಾಕ್‌ಹೋಮಿಗೆ: ಇದರಲ್ಲಿ ಸುಳ್ಳೇನೂ ಇಲ್ಲದಿದ್ದರೂ ಪ್ರತಿಯೊಂದಕ್ಕೂ ವಿವರಣೆ ಕೊಡಬೇಕಾಗುತ್ತದೆ. ಸ್ವೀಡನ್ನಿನ ವೀಸಾ ಪಡೆದು ನಾರ್ವೆಯಲ್ಲೇ ಹೆಚ್ಚು ದಿನ ಇದ್ದುಬಿಡುವ ಸಲಹೆಯೂ ಬಂದಿತ್ತು, ಅದಕ್ಕೆ ಅವರು ಕಿವಿಗೊಡಲಿಲ್ಲ. ಐದು ವರ್ಷದ ಮಗುವನ್ನೂ ಮಂಡಿನೋವಿನ ಅಜ್ಜಿಯನ್ನೂ ಕಟ್ಟಿಕೊಂಡು ಒಂಬತ್ತು ದಿನದಲ್ಲಿ ಎರಡು ದೇಶ ಸುತ್ತುವುದು ಬೇಡವೆಂದು ಅಳಿಯನೇ ಮೊದಲು ಹೇಳಿದ್ದು. ನಾರ್ವೆ ಹೋಯಿತು. ಖರ್ಚಿನ ಪಟ್ಟಿಯ ಮೂರನೇ ಒಂದು ಭಾಗವೂ ಅದರ ಜೊತೆಗೇ ಹೋಯಿತು.

ಆಮೇಲೆ ಸಿಕ್ಕಿದ್ದು ಪಾಸ್‌ಪೋರ್ಟ್ ಸಮಸ್ಯೆ. ಮಕ್ಕಳ ಪಾಸ್‌ಪೋರ್ಟಿಗೆ ನಮ್ಮಲ್ಲಿ ಐದು ವರ್ಷವಷ್ಟೇ ಅವಧಿ. ದೊಡ್ಡ ಹುಡುಗಿಯದು ಆಗಸ್ಟ್ 2ಕ್ಕೆ ಮುಗಿಯುತ್ತಿತ್ತು. ಮೇ 17ಕ್ಕೆ ವಾಪಸು ಬರುವವಳಿಗೆ ಸಾಕಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು. ಸಾಲದು: ಷೆಂಗೆನ್ ಬಿಟ್ಟು ಹೊರಡುವ ದಿನದಿಂದ ಮೂರು ತಿಂಗಳು, ಅಂದರೆ ಆಗಸ್ಟ್ 17ರವರೆಗೆ ಅವಧಿ ಇರಬೇಕು. ಹದಿನೈದು ದಿನ ಕಡಿಮೆ. ಹೊಸ ಪಾಸ್‌ಪೋರ್ಟ್ ಬರುವ ತನಕ ನಾಲ್ವರ ಅರ್ಜಿಯೂ ನಿಂತಿತು. ಮಾರ್ಚ್ ಎರಡನೇ ವಾರ ಕೊಟ್ಟರು, ಏಪ್ರಿಲ್ ಮೊದಲ ವಾರ ವೀಸಾ ಕೈಗೆ ಬಂತು. ಹಣ ವಾಪಸಾಗದ ಟಿಕೆಟ್ ಮೊದಲೇ ತೆಗೆದಿದ್ದರೆ ಆ ತಿಂಗಳು ನಿದ್ದೆ ಇರುತ್ತಿರಲಿಲ್ಲ. 12ರೊಳಗಿನವರಾದ್ದರಿಂದ ಮಕ್ಕಳಿಗೆ ಬೆರಳಚ್ಚು ಬೇಕಾಗಲಿಲ್ಲ. ಶುಲ್ಕ ಆಗ ದೊಡ್ಡವರಿಗೆ 80 ಯುರೋ, 6ರಿಂದ 12ರೊಳಗಿನವರಿಗೆ 40, ಆರರೊಳಗಿನವರಿಗೆ ಇಲ್ಲ. 2024ರ ಜೂನ್ 11ರಿಂದ ಅದು 90 ಮತ್ತು 45 ಆಗಿದೆ.

ವಿಮೆಯ ಬಗ್ಗೆ ಒಂದು ಮಾತು. ವೀಸಾಕ್ಕೆ ಬೇಕಾದ್ದು ಕನಿಷ್ಠ 30,000 ಯುರೋ ರಕ್ಷಣೆ, ಷೆಂಗೆನ್ ದೇಶಗಳಿಗೆಲ್ಲ ಅನ್ವಯಿಸುವಂಥದ್ದು. ಆ ಮೊತ್ತ ತೋರಿಸುವ ಅಗ್ಗದ ಪಾಲಿಸಿ ಎಲ್ಲಿಯೂ ಸಿಗುತ್ತದೆ. ಆದರೆ 60 ದಾಟಿದವರ ಹಲವು ಪಾಲಿಸಿಗಳಲ್ಲಿ ಆಸ್ಪತ್ರೆ ಕೋಣೆ, ವೈದ್ಯರ ಶುಲ್ಕಕ್ಕೆ ಒಳಮಿತಿ ಇರುತ್ತದೆ. ಮೊದಲೇ ಇದ್ದ ಕಾಯಿಲೆಗೆ ಜೀವಕ್ಕೆ ಅಪಾಯವಾದಾಗ ಮಾತ್ರ ಹಣ ಎಂಬ ಷರತ್ತೂ ಇರುತ್ತದೆ. ಯುರೋಪಿನವರಲ್ಲದ ಸಂದರ್ಶಕರಿಗೆ ಸ್ವೀಡನ್ನಿನ ಆಸ್ಪತ್ರೆಯಲ್ಲಿ ಪೂರ್ತಿ ಬಿಲ್ಲು. ಒಳಮಿತಿ ಇಲ್ಲದ ಪಾಲಿಸಿಗೆ ಈ ಕುಟುಂಬ ಹೆಚ್ಚು ಕೊಟ್ಟಿತು, ಅದು ಸರಿಯಾದ ಖರ್ಚು.

ಬೇಕಾದ್ದು, ಬೇಡವಾದ್ದು

ತಾಯಿ ಕಟ್ಟಿದ ಗಂಟಿನ ಪಟ್ಟಿಯನ್ನು ಮಗಳು ಒಮ್ಮೆ ನೋಡಿದ್ದರಿಂದ ಒಳ್ಳೆಯದಾಯಿತು. ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತರುವಂತಿಲ್ಲ, ಹಾಗಾಗಿ ಮನೆಯ ತುಪ್ಪದ ಡಬ್ಬಿ ಹೊರಗೆ. ಕರಿಬೇವು, ವೀಳ್ಯದೆಲೆ, ಮಾವಿನಹಣ್ಣಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಬಾಳೆಹಣ್ಣು, ತೆಂಗಿನಕಾಯಿ, ಅನಾನಸಿಗೆ ಬೇಡ. ಗಸಗಸೆ ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ನಿಷಿದ್ಧ, ದುಬೈ ಮೇಲೆ ಹೋಗುವವರು ಚಿಟಿಕೆಯಷ್ಟೂ ಇಡಬಾರದು. ಸಾಂಬಾರ್ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿ, ಹಪ್ಪಳ, ಅವಲಕ್ಕಿ ಎಲ್ಲ ಹೋದವು. ತಪ್ಪಿದ್ದು ಒಣ ಕೊಬ್ಬರಿ: ಅದರ ಎಣ್ಣೆಯ ಅಂಶಕ್ಕೆ ವಿಮಾನದಲ್ಲಿ ಅದು ಅಪಾಯದ ವಸ್ತು. ಬೆಂಗಳೂರಿನಲ್ಲಿ ಚೀಲ ಬಿಚ್ಚಿಸಿ ತೆಗೆಸಿದರು, ಸಾಲಿನಲ್ಲಿ ಅರ್ಧ ಗಂಟೆ ಹೋಯಿತು.

ಔಷಧ ಸ್ವಂತ ಬಳಕೆಗೆ ಮೂರು ತಿಂಗಳಿಗಾಗುವಷ್ಟು ತರಬಹುದು. ಪೊಟ್ಟಣ ಬಿಚ್ಚದೆ, ವೈದ್ಯರ ಇಂಗ್ಲಿಷ್ ಚೀಟಿಯೊಂದಿಗೆ, ಎಲ್ಲವೂ ಕೈಚೀಲದಲ್ಲಿ.

ಬೆಂಗಳೂರು–ಸ್ಟಾಕ್‌ಹೋಮ್ ನೇರ ವಿಮಾನ ಇಲ್ಲ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಷೆಂಗೆನ್ ಪ್ರವೇಶದ ತಪಾಸಣೆ ಅಲ್ಲೇ, ಮುಂದಿನ ವಿಮಾನದ ಗಡಿಬಿಡಿಯ ನಡುವೆ. ದೋಹಾ ಮೇಲೆ ಹೋದರೆ ತಪಾಸಣೆ ಸ್ಟಾಕ್‌ಹೋಮಿನ ಆರ್ಲಾಂಡಾ ನಿಲ್ದಾಣದಲ್ಲಿ. ಮಗ ಹೊರಗೆ ಕಾಯುತ್ತಿರುತ್ತಾನೆ, ಅವಸರವಿಲ್ಲ. ಇಂಗ್ಲಿಷ್ ಅಷ್ಟಾಗಿ ಬಾರದ ಹಿರಿಯರಿಗೆ ಈ ವ್ಯತ್ಯಾಸ ಟಿಕೆಟಿನ ಐದಾರು ಸಾವಿರಕ್ಕಿಂತ ದೊಡ್ಡದು. ಗಾಲಿಕುರ್ಚಿ ಬೇಡವೆಂದು ತಾಯಿ ಹಟ ಮಾಡಿದರು, "ನಡೆಯೋಕಾಗದವರಿಗೆ ಅದು" ಎಂದು. ದೋಹಾದಲ್ಲಿ ಒಂದು ಗೇಟಿನಿಂದ ಇನ್ನೊಂದಕ್ಕೆ ಎಷ್ಟು ದೂರ ಎಂದು ಮಗಳು ವಿವರಿಸಿದ ಮೇಲೆ ಒಪ್ಪಿದರು. ಟಿಕೆಟ್ ಮಾಡುವಾಗಲೇ ಕೇಳಿಕೊಳ್ಳಬೇಕು, ತಡವೆಂದರೆ 48 ಗಂಟೆ ಮುಂಚೆ.

ಒಂಬತ್ತು ಜನ, ಎರಡು ಕೋಣೆ

ಸ್ವೀಡನ್ನಿನ ಲೆಕ್ಕದಲ್ಲಿ "ಎರಡು ಕೋಣೆ, ಅಡುಗೆಮನೆ" ಎಂದರೆ ಒಂದು ಮಲಗುವ ಕೋಣೆ, ಒಂದು ನಡುಮನೆ. ಅದರಲ್ಲಿ ಐದು ಜನ ಹಿಡಿಸುತ್ತಾರೆ, ಒಂಬತ್ತು ಜನ ಇಲ್ಲ. ಮಗಳ ಸಂಸಾರಕ್ಕೆ ನಗರದ ನಡುವಿನ ಹೋಟೆಲ್ ಬಿಟ್ಟು ಮಗನ ಮನೆಯಿಂದ ಎರಡು ಮೆಟ್ರೋ ನಿಲ್ದಾಣ ಆಚೆ, ಅಡುಗೆ ಸೌಲಭ್ಯವಿದ್ದ ಸರ್ವಿಸ್ ಅಪಾರ್ಟ್‌ಮೆಂಟ್ ಹಿಡಿದರು. ಬೆಳಗಿನ ಉಪ್ಪಿಟ್ಟು ಅಲ್ಲೇ, ರಾತ್ರಿಯೂಟ ಎಲ್ಲರೂ ಮಗನ ಮನೆಯಲ್ಲಿ.

ಯಾರೂ ಮುಂಚೆ ಯೋಚಿಸದ ವಿಷಯ ಬಟ್ಟೆ ಒಗೆಯುವುದು. ಬಹಳಷ್ಟು ಅಪಾರ್ಟ್‌ಮೆಂಟುಗಳಲ್ಲಿ ಒಗೆಯುವ ಯಂತ್ರ ಮನೆಯೊಳಗೆ ಇರುವುದಿಲ್ಲ. ಕಟ್ಟಡಕ್ಕೆಲ್ಲ ಸೇರಿ ನೆಲಮಾಳಿಗೆಯಲ್ಲಿ ತ್ವೆತ್‌ಸ್ತೂಗ ಎಂಬ ಒಗೆಯುವ ಕೋಣೆ, ಅದಕ್ಕೆ ಸಮಯ ಕಾಯ್ದಿರಿಸಬೇಕು. ರಜೆಯ ವಾರ ಸಂಜೆಯ ಸರದಿಗಳೆಲ್ಲ ಭರ್ತಿ. ಸೊಸೆ ಎರಡು ವಾರ ಮುಂಚೆಯೇ ಭಾನುವಾರ ಬೆಳಗಿನ ಸರದಿ ಹಿಡಿದಿಟ್ಟಿದ್ದರಿಂದ ಮಕ್ಕಳ ಬಟ್ಟೆಯ ಗೋಳು ತಪ್ಪಿತು. ಹೊತ್ತು ಮೀರಿ ಯಂತ್ರದಲ್ಲಿ ಬಟ್ಟೆ ಬಿಟ್ಟರೆ ನೆರೆಯವರ ಜೊತೆ ಮನಸ್ತಾಪ ಅಲ್ಲಿಂದಲೇ ಶುರು.

ಏನಾಯಿತು

ತಾಯಿ ಎಷ್ಟು ನಡೆಯಬಲ್ಲರು ಎಂಬುದನ್ನು ಊರಿನಲ್ಲೇ ಅಳೆಯಲಾಗಿತ್ತು. ಮಾರ್ಚಿನಲ್ಲಿ ತಂದೆ ಗಡಿಯಾರ ಹಿಡಿದು ಡಾಂಬರು ರಸ್ತೆಯಲ್ಲಿ ಜೊತೆಗೆ ನಡೆದರು: 20 ನಿಮಿಷಕ್ಕೆ ಸುಮಾರು 800 ಮೀಟರ್, ಆಮೇಲೆ ಕೂರಲೇಬೇಕು. ಇಂಥ ಅಳತೆ ಕೈಯಲ್ಲಿದ್ದದ್ದು ದೊಡ್ಡ ಬಲ. ಆದರೂ ಒಂದು ಲೆಕ್ಕ ತಪ್ಪಿತು.

ಮೇ 9ರಂದು, ಎಲ್ಲರೂ ಸೇರಿದ ಸಂಭ್ರಮದಲ್ಲಿ, ಒಂಬತ್ತೂ ಜನ ಹಳೆಯ ಪಟ್ಟಣ ಗಾಮ್ಲಾ ಸ್ತಾನ್‌ಗೆ ಹೊರಟರು. ಮೆಟ್ರೋ ಇಳಿದು ಏರುಗಲ್ಲಿಯಲ್ಲಿ ಸ್ತೂರ್‌ತೋರ್ಯೆತ್ ಚೌಕ, ಅಲ್ಲಿಂದ ಅರಮನೆ, ಕಾವಲುಗಾರರ ಬದಲಾವಣೆಗೆ ನಿಂತು ಕಾಯುವುದು, ಮತ್ತೆ ಇಳಿದು ಸ್ಲುಸೆನ್ ಕಡೆಗೆ. ನಕ್ಷೆಯಲ್ಲಿ ಎರಡು ಕಿಲೋಮೀಟರ್ ಕೂಡ ಇಲ್ಲ. ಆದರೆ ಅದು ಉರುಟು ಕಲ್ಲು ಹಾಸಿದ ನೆಲ. ಪ್ರತಿ ಹೆಜ್ಜೆಗೂ ಪಾದ ಸ್ವಲ್ಪ ವಾಲುತ್ತದೆ, ಮಂಡಿ ಅದನ್ನು ಸರಿಮಾಡುತ್ತಲೇ ಇರಬೇಕು. ಇಳಿಜಾರಿನಲ್ಲಿ ಇನ್ನೂ ಹೆಚ್ಚು. ಡಾಂಬರಿನ 800 ಮೀಟರ್ ಇಲ್ಲಿ 300ಕ್ಕೆ ಸಮ. ಸ್ಲುಸೆನ್‌ನಲ್ಲಿ ವರ್ಷಗಳಿಂದ ನಡೆದಿರುವ ಪುನರ್ನಿರ್ಮಾಣದ ಬಳಸುದಾರಿ ಬೇರೆ. ಸಣ್ಣ ಮಗು ಹಟ ಹಿಡಿದಾಗ ಎಲ್ಲರೂ ನಿಂತೇ ಇದ್ದರು, ಕೂರಲು ಜಾಗವಿರಲಿಲ್ಲ. ರಾತ್ರಿಗೆ ತಾಯಿಯ ಮಂಡಿ ಊದಿತು.

1177 ಎಂಬ ಆರೋಗ್ಯ ಸಲಹಾ ಸಂಖ್ಯೆಗೆ ಸೊಸೆ ಕರೆ ಮಾಡಿದಳು. ಜ್ವರ ಇಲ್ಲ, ಕಾಲು ಊರಲು ಆಗುತ್ತದೆ, ಬಿದ್ದಿಲ್ಲ ಎಂದು ಕೇಳಿ ತಿಳಿದ ಮೇಲೆ ವಿಶ್ರಾಂತಿ, ತಣ್ಣನೆ ಪಟ್ಟಿ, ಕಾಲು ಎತ್ತರಕ್ಕಿಡುವುದು ಎಂಬ ಸಲಹೆ ಬಂತು. ಚೀಟಿಯಿಲ್ಲದೆ ಅಪೊತೆಕ್‌ನಲ್ಲಿ (ಔಷಧದ ಅಂಗಡಿ) ಸಿಗುವ ಡೈಕ್ಲೋಫೆನಾಕ್ ಜೆಲ್ ಮತ್ತು ಮಂಡಿಪಟ್ಟಿ ತಂದರು. ಎರಡು ದಿನ ತಾಯಿ ಮನೆಯಲ್ಲೇ.

ಆ ರಾತ್ರಿಯ ತೀರ್ಮಾನವೇ ಉಳಿದ ವಾರವನ್ನು ಉಳಿಸಿತು. ಒಂಬತ್ತು ಜನ ಒಟ್ಟಿಗೆ ಚಲಿಸುವುದನ್ನು ಬಿಟ್ಟರು. ಬೆಳಗಿನ ಗುಂಪು ಬೇಗ ಹೊರಟು ದೂರ ಸುತ್ತುತ್ತದೆ. ನಿಧಾನದ ಗುಂಪು, ಅಂದರೆ ಅಜ್ಜಿ, ಚಿಕ್ಕ ಮಕ್ಕಳು, ಒಬ್ಬ ದೊಡ್ಡವರು, ದಿನಕ್ಕೆ ಒಂದೇ ಜಾಗ, ಲಿಫ್ಟ್ ಇರುವ ಜಾಗ, ಎರಡು ಗಂಟೆಗೆ ಮನೆ. ಸಂಜೆ ಊಟಕ್ಕೆ ಎಲ್ಲರೂ ಒಟ್ಟು. "ಎಲ್ಲರೂ ಸೇರಿ ನೋಡಬೇಕು" ಎಂದು ಹಾತೊರೆದವನು ಮಗ. ಅವನಿಗೆ ಇದು ನಿರಾಸೆಯೇ. ಆದರೆ ಜೊತೆಗಿರುವುದಕ್ಕೆ ಊಟದ ಹೊತ್ತು ಮ್ಯೂಸಿಯಂನ ಸಾಲಿಗಿಂತ ಒಳ್ಳೆಯದು ಎಂಬುದು ಎರಡೇ ದಿನದಲ್ಲಿ ಕಂಡಿತು.

ನಿಧಾನದ ಗುಂಪಿನ ಅತಿ ಒಳ್ಳೆಯ ದಿನ ವಾಸಾ ಎಂಬ ಹಳೆಯ ಹಡಗಿನ ಮ್ಯೂಸಿಯಂನದು. ನೀಲಿ ಮಾರ್ಗದಲ್ಲಿ ತೆ-ಸೆಂಟ್ರಾಲೆನ್‌ವರೆಗೆ, ಲಿಫ್ಟಿನಲ್ಲಿ ಮೇಲೆ, 7ನೇ ಸಂಖ್ಯೆಯ ಟ್ರಾಮ್ ಹತ್ತಿ ಯೂರ್‌ಗಾರ್ಡೆನ್ ದ್ವೀಪಕ್ಕೆ. ನಿಲ್ದಾಣದಿಂದ ಬಾಗಿಲಿಗೆ ಸಮತಟ್ಟಾದ ಕೆಲವೇ ನಿಮಿಷದ ದಾರಿ. 1628ರ ಆಗಸ್ಟ್ 10ರಂದು ಮೊದಲ ಪ್ರಯಾಣದಲ್ಲೇ ಬಂದರಿನೊಳಗೆ ಮುಳುಗಿ, 1961ರಲ್ಲಿ ಮೇಲೆತ್ತಿದ ಹಡಗು ಅದು. 69 ಮೀಟರ್ ಉದ್ದ. ಮಹಡಿ ಮಹಡಿಗೂ ಲಿಫ್ಟ್, ಕೂರಲು ಬೆಂಚು, 18ರವರೆಗಿನವರಿಗೆ ಪ್ರವೇಶ ಉಚಿತ. ಮರವನ್ನು ಕಾಪಾಡಲು ಒಳಗೆ 18–20 ಡಿಗ್ರಿ ತಂಪು, ಮಂದ ಬೆಳಕು, ಸ್ವೆಟರ್ ಬೇಕು. ತಂದೆ ಆ ದಿನ ಬೇಕೆಂದೇ ನಿಧಾನದ ಗುಂಪಿಗೆ ಸೇರಿದರು. ಓಕ್ ಹಲಗೆಗಳ ಜೋಡಣೆಯನ್ನು ಬಗ್ಗಿ ಬಗ್ಗಿ ನೋಡುತ್ತ ಮೊಮ್ಮಗಳಿಗೆ ಮರಗೆಲಸದ ಪಾಠ ಹೇಳಿದರು.

ವ್ಯಾಕ್ಸ್‌ಹೋಮ್‌ಗೆ ಹೋದ ದಿನವೂ ಗೆದ್ದಿತು. ಸ್ಟ್ರೋಮ್‌ಕಾಯೆನ್ ದಕ್ಕೆಯಿಂದ ದೋಣಿಯಲ್ಲಿ ದ್ವೀಪಗಳ ನಡುವೆ ಸುಮಾರು ಒಂದು ಗಂಟೆ, ಎಲ್ಲರಿಗೂ ಕೂತೇ ನೋಡುವ ಪ್ರಯಾಣ. ವಾಪಸು 670ನೇ ಬಸ್ಸು, ನಗರದ ಮಾಮೂಲಿ ಟಿಕೆಟಿನಲ್ಲೇ. ಎರಡು ಕಡೆಯೂ ದೋಣಿ ಎಂದಿದ್ದರೆ ಮಕ್ಕಳು ಬೇಸತ್ತುಬಿಡುತ್ತಿದ್ದರು.

ಟಿಕೆಟಿನ ವಿಚಾರದಲ್ಲಿ ಮೊದಲ ದಿನ ಹಣ ಪೋಲಾಯಿತು. ನಗರ ಸಾರಿಗೆ ನಡೆಸುವ ಎಸ್‌ಎಲ್ ಸಂಸ್ಥೆಯ ಬಿಡಿ ಟಿಕೆಟ್ 75 ನಿಮಿಷ ನಡೆಯುತ್ತದೆ, ಮೆಟ್ರೋ, ಬಸ್ಸು, ಟ್ರಾಮ್ ಬದಲಿಸಬಹುದು. ಆ ವರ್ಷ 42 ಕ್ರೋನಾ. 20ರೊಳಗಿನವರಿಗೂ 65 ದಾಟಿದವರಿಗೂ ರಿಯಾಯಿತಿ ಉಂಟು, ವಿದೇಶಿಯರಿಗೂ. ಆದರೆ ಗೇಟಿನಲ್ಲಿ ಬ್ಯಾಂಕ್ ಕಾರ್ಡ್ ತಟ್ಟಿದರೆ ದೊಡ್ಡವರ ಪೂರ್ತಿ ದರವೇ ಕಡಿತ, ಅದೂ ಒಂದು ಕಾರ್ಡಿಗೆ ಒಬ್ಬರು. ರಿಯಾಯಿತಿ ಟಿಕೆಟನ್ನು ಆ್ಯಪಿನಲ್ಲಿ ತೆಗೆದುಕೊಳ್ಳಬಹುದು. ಬಸ್ಸಿನಲ್ಲಿ ನಗದು ನಡೆಯುವುದಿಲ್ಲ. ಊರಿನಿಂದ ತಂದೆ ಜೇಬಿನಲ್ಲಿ ಜೋಪಾನವಾಗಿ ತಂದ ಯುರೋ ನೋಟುಗಳು ಹಾಗೇ ವಾಪಸು ಹೋದವು. ಸ್ವೀಡನ್ನಿನ ಹಣ ಕ್ರೋನಾ, ಅದೂ ಕೈಯಲ್ಲಿ ಬೇಕಾಗುವುದು ಅಪರೂಪ.

ಏಪ್ರಿಲ್–ಮೇ ತಿಂಗಳ ಬೆಳಕು ತಂದ ತೊಂದರೆ ವೈದ್ಯಕೀಯವಾದದ್ದು, ಅದನ್ನು ಎತ್ತಿ ಹೇಳಬೇಕು. ಮೇ ಹತ್ತರ ಸುಮಾರಿಗೆ ಅಲ್ಲಿ ಬೆಳಿಗ್ಗೆ 4:30ಕ್ಕೆ ಸೂರ್ಯ ಹುಟ್ಟಿ ರಾತ್ರಿ 9ರ ಹೊತ್ತಿಗೆ ಮುಳುಗುತ್ತಾನೆ. ದೀಪ ಹಚ್ಚಿ, ಸಂಧ್ಯಾವಂದನೆ ಮುಗಿದ ಮೇಲೆ ಊಟ ಎಂಬ ಮನೆಯ ಕ್ರಮ ಸೂರ್ಯನಿಗೆ ಕಟ್ಟಿಕೊಂಡದ್ದು. ಊಟ ಒಂಬತ್ತೂವರೆಗೆ ಜಾರಿತು, ಸಕ್ಕರೆ ಮಾತ್ರೆ ಮಾತ್ರ ಗಡಿಯಾರ ನೋಡಿ ಏಳೂವರೆಗೆ. ಏಪ್ರಿಲ್ ಕೊನೆಯ ಒಂದು ಸಂಜೆ ತಾಯಿಗೆ ಕೈ ನಡುಕ, ಬೆವರು, ಗ್ಲೂಕೋಮೀಟರಿನಲ್ಲಿ 62. ಸಕ್ಕರೆ ನೀರು ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಊಟ ಕೊಟ್ಟರು. ಮರುದಿನ ಊರಿನ ವೈದ್ಯರಿಗೆ ಫೋನು ಮಾಡಿ ಮಾತ್ರೆಯನ್ನೂ ಊಟವನ್ನೂ ಒಟ್ಟಿಗೆ 7:30ಕ್ಕೆ ನಿಲ್ಲಿಸಿದರು. ತಂದೆ ಸಂಧ್ಯಾವಂದನೆಯನ್ನು ಸೂರ್ಯನ ಹೊತ್ತಿಗೇ ಉಳಿಸಿಕೊಂಡರು, ಊಟ ಮುಂಚೆ. ಕಿಟಕಿಗೆ ದಪ್ಪ ಕಪ್ಪು ಪರದೆ ಹಾಕಿದ ಮೇಲೆ ಎಲ್ಲರ ನಿದ್ದೆಯೂ ಸರಿಯಾಯಿತು.

ಮುಂದಿನವರು ಇಟ್ಟುಕೊಳ್ಳಬಹುದಾದ್ದು

ಈ ಕುಟುಂಬದ ಯೋಜನೆ ನೆಟ್ಟಗಾದದ್ದು ಕ್ರಮ ಬದಲಿಸಿದಾಗ. ಮೊದಲು ಬದಲಿಸಲಾಗದ ದಿನಗಳು: ತೋಟ, ಶಾಲೆ, ಆತಿಥೇಯರ ರಜೆ. ಆಮೇಲೆ ಎಷ್ಟು ರಾತ್ರಿ, ಎಲ್ಲಿ. ವೀಸಾ ಯಾವ ದೇಶದ್ದು ಎಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಆಮೇಲೆ ಎಲ್ಲರ ಪಾಸ್‌ಪೋರ್ಟಿನ ಕೊನೆಯ ದಿನ. ನಂತರ ಟಿಕೆಟ್. ನೋಡುವ ಜಾಗಗಳ ಪಟ್ಟಿ ಎಲ್ಲಕ್ಕಿಂತ ಕೊನೆಗೆ. ಬಹುತೇಕ ಮನೆಗಳಲ್ಲಿ ಇದು ತಿರುಗುಮುರುಗು ನಡೆಯುತ್ತದೆ.

ಒಂದು ವಿಷಯದಲ್ಲಿ ಭಿನ್ನಾಭಿಪ್ರಾಯಕ್ಕೆ ಜಾಗವಿದೆ. ತಂದೆ ತಾಯಿ ಏಪ್ರಿಲ್ 20ಕ್ಕೆ ಬಂದದ್ದು ಬೇಗವಾಯಿತೆಂದು ಸೊಸೆಯ ಅಭಿಪ್ರಾಯ. ಆಗ ಹಗಲು 10 ಡಿಗ್ರಿ ಆಸುಪಾಸು, ರಾತ್ರಿ ಸೊನ್ನೆಯ ಹತ್ತಿರ. ಮೊದಲ ವಾರ ಅವರು ಹೊರಗೆ ಬಂದದ್ದೇ ಕಡಿಮೆ. ಆದರೆ ಗದ್ದಲವಿಲ್ಲದ ಆ ಎರಡೂವರೆ ವಾರದಲ್ಲೇ ಮೂರು ವರ್ಷದ ಮೊಮ್ಮಗು ಅಜ್ಜಿಯ ಭಾಷೆಗೆ ಹೊಂದಿಕೊಂಡಿತು. ಮಗಳ ಮಕ್ಕಳು ಬಂದಾಗ ಮೂವರೂ ಕನ್ನಡದಲ್ಲೇ ಜಗಳಾಡಿದರು. ಚಳಿಗೆ ಉಣ್ಣೆಯ ಒಳಉಡುಪು ಕೊಂಡುಕೊಳ್ಳಬಹುದು, ಈ ದಿನಗಳನ್ನು ಕೊಂಡುಕೊಳ್ಳಲಾಗದು ಎಂಬುದು ನಮ್ಮ ಎಣಿಕೆ.

ಇವರು ಅರ್ಜಿ ಹಾಕಿದ ಮೇಲೆ, ಶುಲ್ಕವಲ್ಲದೆ, ಬದಲಾದದ್ದು ಇನ್ನೂ ಎರಡು. 2024ರ ಏಪ್ರಿಲ್ 18ರಂದು ಭಾರತೀಯರಿಗೆ ಜಾರಿಯಾದ ಕ್ರಮದಂತೆ, ಮೂರು ವರ್ಷದೊಳಗೆ ಎರಡು ವೀಸಾ ಪಡೆದು ನಿಯಮದಂತೆ ಬಳಸಿದವರಿಗೆ ಎರಡು ವರ್ಷದ, ಹಲವು ಬಾರಿ ಹೋಗಿಬರುವ ವೀಸಾ ಸಿಗುವ ದಾರಿ ಇದೆ. ಪದೇ ಪದೇ ಮಕ್ಕಳ ಮನೆಗೆ ಹೋಗುವ ಹಿರಿಯರಿಗೆ ಇದು ದೊಡ್ಡ ಅನುಕೂಲ. ಮೊದಲ ವೀಸಾ ಇರುವ ಹಳೆಯ ಪಾಸ್‌ಪೋರ್ಟನ್ನು ಎಸೆಯಬಾರದು. ಎರಡನೆಯದು, 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಗಳಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಮುಖಚಿತ್ರ ತೆಗೆದು, ಬೆರಳಚ್ಚು ತಾಳೆ ನೋಡಿ ಗಣಕದಲ್ಲಿ ದಾಖಲಿಸುವ ವ್ಯವಸ್ಥೆ ಹಂತಹಂತವಾಗಿ ಬಂದಿದೆ. 180 ದಿನದಲ್ಲಿ 90 ದಿನ ಎಂಬ ಮಿತಿಯನ್ನು ಈಗ ಯಂತ್ರವೇ ಎಣಿಸುತ್ತದೆ; ಬಂದ ದಿನ, ಹೊರಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಗಡಿಯಲ್ಲಿ ಹಿರಿಯರ ಸವೆದ ಬೆರಳಿನ ಗುರುತು ಒಂದೇ ಸಲಕ್ಕೆ ಹಿಡಿಯದೆ ಇರಬಹುದು, ಅದರಲ್ಲೂ ತೋಟದ ಕೆಲಸ ಮಾಡಿದ ಕೈ. ಆದ್ದರಿಂದ ಮುಂದಿನ ವಿಮಾನಕ್ಕೆ ಕನಿಷ್ಠ ಮೂರು ಗಂಟೆ ಅಂತರ ಇಟ್ಟೇ ಟಿಕೆಟ್ ಮಾಡಬೇಕು.